ನಿಧಾನಗತಿಯ ಸ್ವತಂತ್ರ ಹಾಸ್ಯಚಿತ್ರಗಳು: ನಗು ಎಲ್ಲಿ ಹುಟ್ಟುತ್ತದೆ, ಎಲ್ಲಿ ಕೈಕೊಡುತ್ತದೆ?

ಬೆಳ್ಳಿಪರದೆ

ಎಲ್ಲರಿಗೂ ನಮಸ್ಕಾರ. ಬಹಳ ದಿನಗಳಿಂದ ತಲೆಯಲ್ಲಿ ಕೊರೆಯುತ್ತಿರುವ ಒಂದು ಪ್ರಶ್ನೆಯನ್ನು ನಿಮ್ಮ ಮುಂದಿಡುತ್ತಿದ್ದೇನೆ. ಕ್ಯಾಮೆರಾ ಕದಲದೆ ನಿಂತಿರುವ, ಪಾತ್ರಗಳು ಒಂದು ಮಾತಾಡಿ ಇನ್ನೊಂದು ಮಾತಿಗೆ ಬಹಳ ಹೊತ್ತು ತೆಗೆದುಕೊಳ್ಳುವ, ನಗಿಸಬೇಕೆಂಬ ಹಟ ಯಾರಲ್ಲಿಯೂ ಕಾಣದ ಹಾಸ್ಯಚಿತ್ರಗಳೆಂದರೆ ನನಗೆ ಪ್ರಾಣ. ಆದರೆ ಅವನ್ನು ಬೇರೆಯವರಿಗೆ ತೋರಿಸಿದಾಗಲೆಲ್ಲ ಅರ್ಧಕ್ಕರ್ಧ ಜನ ಇದರಲ್ಲಿ ಹಾಸ್ಯ ಎಲ್ಲಿದೆ ಎಂದು ಕೇಳುತ್ತಾರೆ. ಅವರಿಗೆ ಅಭಿರುಚಿಯಿಲ್ಲ ಎಂದು ತಳ್ಳಿಹಾಕಲು ನನ್ನ ಮನಸ್ಸು ಒಪ್ಪುವುದಿಲ್ಲ, ಏಕೆಂದರೆ ಹಾಗೆ ಕೇಳಿದವರಲ್ಲಿ ಕೆಲವರು ನನಗಿಂತ ಹೆಚ್ಚು ಚಿತ್ರಗಳನ್ನು ನೋಡಿದವರು.

ಜಿಮ್ ಜಾರ್ಮುಶ್ ಅವರ ‘ಸ್ಟ್ರೇಂಜರ್ ದ್ಯಾನ್ ಪ್ಯಾರಡೈಸ್’ (1984) ಚಿತ್ರದ ಒಂದು ದೃಶ್ಯವನ್ನೇ ತೆಗೆದುಕೊಳ್ಳೋಣ. ವಿಲ್ಲಿ ಮತ್ತು ಎಡ್ಡಿ ಚಳಿಗಾಲದಲ್ಲಿ ಬಹುದೂರ ಕಾರು ಓಡಿಸಿಕೊಂಡು ಕ್ಲೀವ್‌ಲ್ಯಾಂಡಿಗೆ ಬರುತ್ತಾರೆ. ಅಲ್ಲಿರುವ ಈವಾಳ ಜೊತೆ ಈರಿ ಸರೋವರವನ್ನು ನೋಡಲು ಹೋಗುತ್ತಾರೆ. ಮೂವರೂ ನಿಂತು ಎದುರಿಗೆ ನೋಡುತ್ತಾರೆ. ಎದುರಿಗೆ ಏನೂ ಕಾಣುವುದಿಲ್ಲ. ನೀರು ಹೆಪ್ಪುಗಟ್ಟಿದೆ, ಗಾಳಿ ಬೀಸುತ್ತಿದೆ, ಸರೋವರ ಎಲ್ಲಿ ಮುಗಿದು ಆಕಾಶ ಎಲ್ಲಿ ಶುರುವಾಯಿತೆಂದು ಹೇಳಲಾಗದಷ್ಟು ಬಿಳುಪು. ಅಷ್ಟು ದೂರದಿಂದ ಬಂದವರು ಅದನ್ನೇ ನೋಡುತ್ತ ನಿಂತಿರುತ್ತಾರೆ. ನನಗೆ ಅಲ್ಲಿ ನಗು ತಡೆಯಲಾಗುವುದಿಲ್ಲ. ಜೊತೆಯಲ್ಲಿ ನೋಡಿದವರು ಈ ದೃಶ್ಯ ಯಾವಾಗ ಮುಗಿಯುತ್ತದೆ ಎನ್ನುತ್ತಾರೆ.

ಆದ್ದರಿಂದ ನನ್ನ ಪ್ರಶ್ನೆ ಇದು. ನಿಧಾನವೇ ಇಲ್ಲಿ ಹಾಸ್ಯವನ್ನು ಹುಟ್ಟಿಸುತ್ತಿದೆಯೇ, ಅಥವಾ ನಿಧಾನವಾಗಿದ್ದರೂ ಹಾಸ್ಯ ಹೇಗೋ ಉಳಿದುಕೊಂಡಿದೆಯೇ? ಎರಡನೆಯದು ನಿಜವಾದರೆ, ನಮ್ಮಂಥವರು ಬರಿಯ ನಿಧಾನವನ್ನೇ ಒಂದು ಗುಣವೆಂದು ಹಾಡಿ ಹೊಗಳುವುದನ್ನು ನಿಲ್ಲಿಸಬೇಕಾಗುತ್ತದೆ.

ಮಧ್ಯಂತರ

ನಗು ಬಾರದ ಚಿತ್ರವನ್ನು ಹಾಸ್ಯಚಿತ್ರವೆಂದು ಏಕೆ ಕರೆಯಬೇಕು ಎಂಬುದೇ ನನಗೆ ತಿಳಿಯದು. ಚಿತ್ರೋತ್ಸವದ ಕೈಪಿಡಿಯಲ್ಲಿ ಹಾಸ್ಯ ಎಂದು ಅಚ್ಚಾಗಿರುತ್ತದೆ, ಸಭಾಂಗಣದಲ್ಲಿ ಮಾತ್ರ ಒಂದು ಉಸಿರೂ ಕೇಳಿಸುವುದಿಲ್ಲ.

ಕತ್ತರಿಮೇಜು

ಬೆಳ್ಳಿಪರದೆ ಅವರೇ, ಸಂಕಲನದ ಕೆಲಸದಲ್ಲಿ ಹಲವು ವರ್ಷ ಕಳೆದವನಾಗಿ ನನಗೆ ತೋಚಿದ್ದನ್ನು ಹೇಳುತ್ತೇನೆ. ಹಾಸ್ಯದಲ್ಲಿ ಶಾಟನ್ನು ಎಲ್ಲಿ ಕತ್ತರಿಸಬೇಕು ಎನ್ನುವುದೇ ಅರ್ಧ ಕೆಲಸ. ರೂಢಿಯ ಪ್ರಕಾರ, ನಗುವಿನ ಮಾತು ಬಿದ್ದ ಕೂಡಲೇ ಅದನ್ನು ಕೇಳಿಸಿಕೊಂಡವನ ಮುಖಕ್ಕೆ ಹೋಗುತ್ತೇವೆ. ಆ ಮುಖವೇ ಪ್ರೇಕ್ಷಕನಿಗೆ ಈಗ ನಗಬಹುದು ಎಂದು ಅನುಮತಿ ಕೊಡುತ್ತದೆ. ನಿಧಾನಗತಿಯ ಹಾಸ್ಯ ಮಾಡುವವರು ಈ ಅನುಮತಿಯನ್ನು ಕೊಡುವುದೇ ಇಲ್ಲ. ಮಾತು ಮುಗಿದರೂ ಶಾಟ್ ಮುಗಿಯುವುದಿಲ್ಲ, ಬೇರೆ ಮುಖವೂ ಬರುವುದಿಲ್ಲ.

ಆಗ ಪ್ರೇಕ್ಷಕನೊಳಗೆ ಒಂದು ವಿಚಿತ್ರ ಕೆಲಸ ಶುರುವಾಗುತ್ತದೆ. ಏನೋ ಆಗಬೇಕೆಂದು ಮೊದಲು ಕಾಯುತ್ತಾನೆ. ಏನೂ ಆಗದಿದ್ದಾಗ ಚೌಕಟ್ಟಿನೊಳಗೆ ಹುಡುಕಾಡುತ್ತಾನೆ: ಆ ಮನುಷ್ಯನ ಕೈ ಎಲ್ಲಿದೆ, ಹಿಂದಿನ ಗೋಡೆಯ ಮೇಲೆ ಏನಿದೆ, ಅವಳು ಏಕೆ ಕೋಟು ಬಿಚ್ಚಿಲ್ಲ. ಹಾಗೆ ಹುಡುಕುವಾಗ ನಗುವಿನ ಕಾರಣ ಅವನಿಗೇ ಸಿಗುತ್ತದೆ. ಸಿನಿಮಾ ಸೆಕೆಂಡಿಗೆ 24 ಫ್ರೇಮುಗಳಲ್ಲಿ ಓಡುತ್ತದೆ. ಒಂದು ಶಾಟನ್ನು ಎರಡು ಸೆಕೆಂಡು ಹೆಚ್ಚು ಹಿಡಿದರೆ 48 ಫ್ರೇಮು ಸೇರುತ್ತವೆ, ಅಷ್ಟರಲ್ಲೇ ಆ ಹುಡುಕಾಟ ಶುರುವಾಗಿ ಮುಗಿದುಬಿಡಬಹುದು. ಹೀಗಾಗಿ, ಇನ್ನಷ್ಟು ಹಿಡಿಯೋಣ ಎನ್ನುವ ತೀರ್ಮಾನಕ್ಕೆ ಒಂದು ಷರತ್ತಿದೆ. ಆ ಹೆಚ್ಚುವರಿ ಹೊತ್ತಿನಲ್ಲಿ ಪ್ರೇಕ್ಷಕನಿಗೆ ಹುಡುಕಲು ಏನಾದರೂ ಸಿಗುವಂತೆ ಚೌಕಟ್ಟನ್ನು ತುಂಬಿರಬೇಕು, ಇಲ್ಲವೇ ಅವನ ಮನಸ್ಸಿನಲ್ಲಿ ಒಂದು ನಿರೀಕ್ಷೆಯನ್ನು ಮೊದಲೇ ಕಟ್ಟಿರಬೇಕು. ಸರೋವರದ ದೃಶ್ಯದಲ್ಲಿ ಚೌಕಟ್ಟು ಖಾಲಿಯಾಗಿಯೇ ಇದೆ. ಅದನ್ನು ತುಂಬುತ್ತಿರುವುದು ಅವರು ಅಷ್ಟು ದೂರ ಬಂದಿದ್ದಾರೆ ಎನ್ನುವ ನಮ್ಮ ಅರಿವು. ಆ ಪ್ರಯಾಣವನ್ನು ಮನಸ್ಸಿಗೆ ಹಚ್ಚಿಕೊಳ್ಳದೆ ನೋಡಿದವರಿಗೆ ಅಲ್ಲಿ ಬಿಳಿ ಪರದೆ ಮಾತ್ರ ಕಾಣುತ್ತದೆ, ಅದರಲ್ಲಿ ಅವರ ತಪ್ಪೇನೂ ಇಲ್ಲ.

ಹಿಂದಿನಸಾಲು

ಕತ್ತರಿಮೇಜು ಅವರ ವಿವರಣೆ ಚೆನ್ನಾಗಿದೆ. ಆದರೆ ಇದಕ್ಕೆ ಹಣದ ಆಯಾಮವೂ ಇದೆ ಎಂಬುದನ್ನು ಮರೆಯಬಾರದು. ‘ಸ್ಟ್ರೇಂಜರ್ ದ್ಯಾನ್ ಪ್ಯಾರಡೈಸ್’ ಚಿತ್ರದ ಮೊದಲ ಭಾಗವನ್ನು ಜರ್ಮನ್ ನಿರ್ದೇಶಕ ವಿಮ್ ವೆಂಡರ್ಸ್ ತಮ್ಮ ಚಿತ್ರವೊಂದರಲ್ಲಿ ಉಳಿದಿದ್ದ ಫಿಲಂ ಕೊಟ್ಟಿದ್ದರಿಂದ ಕಿರುಚಿತ್ರವಾಗಿ ತೆಗೆಯಲಾಯಿತು. ಕೈಯಲ್ಲಿರುವ ಫಿಲಂ ಅಷ್ಟೇ ಎಂದಾಗ ಒಂದೇ ಸಂಭಾಷಣೆಯನ್ನು ನಾಲ್ಕು ಕೋನಗಳಿಂದ ತೆಗೆಯುವ ಐಷಾರಾಮ ಇರುವುದಿಲ್ಲ. ಒಂದು ದೃಶ್ಯಕ್ಕೆ ಒಂದೇ ಶಾಟ್, ಎರಡು ದೃಶ್ಯಗಳ ನಡುವೆ ಒಂದಿಷ್ಟು ಕಪ್ಪು ಪರದೆ. ಸ್ವತಂತ್ರ ಚಿತ್ರಗಳ ನಿಧಾನವೆಂಬುದು ಬಹುಪಾಲು ಬಡತನದ ಕೂಸು. ಅದಕ್ಕೆ ತತ್ತ್ವಜ್ಞಾನದ ಅಂಗಿ ತೊಡಿಸಿದವರು ವಿಮರ್ಶಕರು.

ಮೂಕಿಚಿತ್ರ

ಹಿಂದಿನಸಾಲು ಅವರೇ, ಆ ಒಂದು ಚಿತ್ರದ ಮಟ್ಟಿಗೆ ನಿಮ್ಮ ಮಾತು ಸರಿಯಿರಬಹುದು, ಇಡೀ ಪ್ರಕಾರಕ್ಕೆ ಅದನ್ನು ಅನ್ವಯಿಸಲು ಬರುವುದಿಲ್ಲ. ಇಂಥ ಚಿತ್ರಗಳಿಗೆಲ್ಲ ಹಿರಿಯಜ್ಜ ಎನ್ನಬಹುದಾದ ‘ಪ್ಲೇಟೈಮ್’ (1967) ಚಿತ್ರವನ್ನು ಝಾಕ್ ತಾತಿ 70 ಎಂ.ಎಂ.ನಲ್ಲಿ ತೆಗೆದರು, ಪ್ಯಾರಿಸ್ಸಿನ ಬಳಿ ಒಂದು ಪುಟ್ಟ ನಗರವನ್ನೇ ಸೆಟ್ಟಾಗಿ ಕಟ್ಟಿಸಿದರು. ಅದರಿಂದಾಗಿ ಸಾಲದಲ್ಲಿ ಮುಳುಗಿದರು. ಆ ನಿಧಾನ ಬಡತನದಿಂದ ಬಂದದ್ದಲ್ಲ. ಬಡತನವೇ ಆ ನಿಧಾನದಿಂದ ಬಂತು. ಸ್ವೀಡನ್ನಿನ ನಿರ್ದೇಶಕ ರಾಯ್ ಆಂಡರ್ಸನ್ ಅವರದ್ದೂ ಇದೇ ದಾರಿ. ತಮ್ಮ ಸ್ಟಾಕ್‌ಹೋಮ್ ಸ್ಟುಡಿಯೋದಲ್ಲಿ ಒಂದೊಂದು ಶಾಟಿಗೂ ಸೆಟ್ ಕಟ್ಟಿಸಿ, ಗೋಡೆಯ ಬಣ್ಣವನ್ನೂ ನಟರ ಮುಖದ ಬಿಳುಪನ್ನೂ ಹೊಂದಿಸಿ, ಕ್ಯಾಮೆರಾವನ್ನು ಕದಲಿಸದೆ ತೆಗೆದವರು ಅವರು.

‘ಪ್ಲೇಟೈಮ್’ನಲ್ಲಿ ಹೊಸದಾಗಿ ತೆರೆದ ಹೋಟೆಲೊಂದರ ಗಾಜಿನ ಬಾಗಿಲು ಒಡೆದು ಚೂರಾಗುತ್ತದೆ. ಬಾಗಿಲು ಕಾಯುವವನ ಕೈಯಲ್ಲಿ ಹಿಡಿ ಮಾತ್ರ ಉಳಿಯುತ್ತದೆ. ಅವನು ಆ ಹಿಡಿಯನ್ನು ಗಾಳಿಯಲ್ಲಿ, ಬಾಗಿಲಿದ್ದಾಗ ಎಷ್ಟು ಎತ್ತರದಲ್ಲಿ ಇತ್ತೋ ಅಷ್ಟೇ ಎತ್ತರದಲ್ಲಿ ಹಿಡಿದುಕೊಂಡು, ಬಂದವರಿಗೆಲ್ಲ ಬಾಗಿಲು ತೆರೆಯುತ್ತಾನೆ, ಮುಚ್ಚುತ್ತಾನೆ. ಬರುವವರೂ ಗಂಭೀರವಾಗಿ ಒಳಗೆ ಬರುತ್ತಾರೆ. ತಾತಿ ಇದಕ್ಕೆ ಒಂದು ಕ್ಲೋಸಪ್ ಕೂಡ ಇಡುವುದಿಲ್ಲ. ಅದೇ ಹೊತ್ತಿಗೆ ಚೌಕಟ್ಟಿನ ಬೇರೆ ಮೂಲೆಗಳಲ್ಲಿ ಇನ್ನೂ ಏನೇನೋ ನಡೆಯುತ್ತಿರುತ್ತದೆ. ಮೊದಲ ಸಲ ನೋಡಿದಾಗ ಎಷ್ಟೋ ತಮಾಷೆ ಕಣ್ತಪ್ಪುತ್ತದೆ, ಅದಕ್ಕೇ ಜನ ಮತ್ತೆ ಮತ್ತೆ ನೋಡುತ್ತಾರೆ.

ಮಧ್ಯಂತರ

ಸಾಲದಲ್ಲಿ ಮುಳುಗಿದ ವಿಷಯವನ್ನು ನೀವೇ ಎತ್ತಿದ್ದೀರಿ, ಆದ್ದರಿಂದ ಕೇಳುತ್ತೇನೆ. ಹಾಸ್ಯಕ್ಕೆ ಎದುರಿಗೆ ಜನ ಇರಲೇಬೇಕು. ದುರಂತ ಚಿತ್ರವನ್ನು ಒಬ್ಬನೇ ನೋಡಿ ಅತ್ತರೂ ಅದು ಸಾರ್ಥಕ, ಆದರೆ ಹಾಸ್ಯ ನಾಲ್ಕು ಜನ ಒಟ್ಟಿಗೆ ನಕ್ಕಾಗ ತುಂಬಿ ಬರುವ ಕಲೆ. ಹವರ್ಡ್ ಹಾಕ್ಸ್ ಅವರ ‘ಹಿಸ್ ಗರ್ಲ್ ಫ್ರೈಡೇ’ (1940) ನೋಡಿ: ಒಬ್ಬರ ಮಾತು ಮುಗಿಯುವ ಮುನ್ನ ಇನ್ನೊಬ್ಬರು ಬಾಯಿ ಹಾಕುತ್ತಾರೆ, ಉಸಿರು ಬಿಡಲು ಸಮಯವಿಲ್ಲ, ಆದರೂ ಬುದ್ಧಿಗೆ ಬೇಕಾದಷ್ಟು ಕೆಲಸವಿದೆ. ವೇಗದ ಹಾಸ್ಯವೆಂದರೆ ಪ್ರೇಕ್ಷಕನನ್ನು ಸೋಮಾರಿಯಾಗಿಸುವಂಥದ್ದು ಎಂಬ ಧ್ವನಿ ಇಲ್ಲಿನ ಕೆಲವು ಮಾತುಗಳಲ್ಲಿ ಕೇಳಿಸುತ್ತಿದೆ. ಅದನ್ನು ನಾನು ಖಂಡಿತ ಒಪ್ಪುವುದಿಲ್ಲ.

ಕತ್ತರಿಮೇಜು

ಹಾಗೆ ಯಾರೂ ಹೇಳಿಲ್ಲ, ಮಧ್ಯಂತರ ಅವರೇ. ಆ ಚಿತ್ರದ ಮೇಲೆ ನನಗೂ ಅಪಾರ ಪ್ರೀತಿ. ವೇಗದ ಹಾಸ್ಯ ಪ್ರೇಕ್ಷಕನನ್ನು ಹಿಂದಿಕ್ಕಿ ಓಡುತ್ತದೆ, ನಿಧಾನದ ಹಾಸ್ಯ ಅವನೇ ಮುಂದೆ ಹೋಗಲಿ ಎಂದು ಬಿಡುತ್ತದೆ. ಎರಡಕ್ಕೂ ಅಷ್ಟೇ ಕರಾರುವಾಕ್ಕಾದ ಟೈಮಿಂಗ್ ಬೇಕು.

ನೆರಳುಬೆಳಕು

ಇಲ್ಲಿಯವರೆಗಿನ ಚರ್ಚೆ ಒಂದೊಂದು ದೃಶ್ಯದ ಸುತ್ತಲೇ ಸುತ್ತುತ್ತಿದೆ. ಇಡೀ ಚಿತ್ರದ ಉದ್ದ ಹಾಸ್ಯಕ್ಕೆ ಏನು ಮಾಡುತ್ತದೆ ಎಂಬುದನ್ನೂ ನೋಡಬೇಕು. ಮಾರೆನ್ ಆಡೆ ಅವರ ‘ಟೋನಿ ಎರ್ಡ್‌ಮನ್’ (2016) 162 ನಿಮಿಷದ ಚಿತ್ರ. ಕೆಲಸದಲ್ಲೇ ಮುಳುಗಿದ ಮಗಳು ಈನೆಸ್, ಅವಳನ್ನು ಮಾತಾಡಿಸುವ ದಾರಿ ಕಾಣದೆ ಕೃತಕ ಹಲ್ಲು ಮತ್ತು ವಿಗ್ಗು ಹಾಕಿಕೊಂಡು ಬೇರೊಬ್ಬನಾಗಿ ಅವಳ ಕಚೇರಿಯವರ ಮುಂದೆ ಪ್ರತ್ಯಕ್ಷನಾಗುವ ತಂದೆ. ಎರಡು ಗಂಟೆಗಳ ಕಾಲ ಈನೆಸ್ ಮುಜುಗರವನ್ನು ನುಂಗಿಕೊಳ್ಳುತ್ತಲೇ ಹೋಗುತ್ತಾಳೆ, ನಾವೂ ನುಂಗುತ್ತೇವೆ. ಕೊನೆಗೆ ತನ್ನ ಹುಟ್ಟುಹಬ್ಬಕ್ಕೆ ಸಹೋದ್ಯೋಗಿಗಳನ್ನು ಕರೆದಿರುವಾಗ, ಬಿಗಿಯಾದ ಉಡುಪನ್ನು ಬಿಚ್ಚಲೂ ಆಗದೆ ತೊಡಲೂ ಆಗದೆ ಒದ್ದಾಡಿ, ಕರೆಗಂಟೆ ಬಾರಿಸಿದಾಗ ಅವಳು ಬೆತ್ತಲಾಗಿಯೇ ಬಾಗಿಲು ತೆರೆಯುತ್ತಾಳೆ. ಇದು ಹಾಗೆಯೇ ಯೋಜಿಸಿದ ಕೂಟ ಎಂದು ಹೇಳಿಬಿಡುತ್ತಾಳೆ.

ಈ ದೃಶ್ಯವನ್ನು ಮಾತ್ರ ಬೇರ್ಪಡಿಸಿ ಯಾರಿಗಾದರೂ ತೋರಿಸಿದರೆ ಅದೊಂದು ಅಗ್ಗದ ತಮಾಷೆಯಂತೆ ಕಂಡೀತು. ಅದರ ಹಿಂದೆ ಎರಡು ಗಂಟೆಗಳ ಬಿಗಿತವಿದೆ. ಆ ಉಡುಪು ಅವಳಿಗೆ ಹೊಂದುವುದಿಲ್ಲ ಎಂಬುದು ಅಷ್ಟು ಹೊತ್ತೂ ನಾವು ನೋಡಿದ ಬದುಕಿನ ಬಗ್ಗೆಯೇ ಹೇಳಿದ ಮಾತಾಗುತ್ತದೆ. ತೊಂಬತ್ತು ನಿಮಿಷಕ್ಕೆ ಇಳಿಸಿದ್ದರೆ ಆ ನಗು ಅಷ್ಟು ಆಳದಿಂದ ಬರುತ್ತಿರಲಿಲ್ಲ ಎಂಬುದು ನನ್ನ ದೃಢವಾದ ನಂಬಿಕೆ. ಕಾನ್ ಚಿತ್ರೋತ್ಸವದಲ್ಲಿ ಅಂತರರಾಷ್ಟ್ರೀಯ ವಿಮರ್ಶಕರ ಒಕ್ಕೂಟದ ಪ್ರಶಸ್ತಿ ಪಡೆದದ್ದು ಒಂದು ಕಡೆಯಿರಲಿ, ಅಳುವೂ ನಗುವೂ ಒಟ್ಟಿಗೆ ಬರುವಂತೆ ಮಾಡಿದ ಇಂಥ ಚಿತ್ರಗಳು ನನಗೆ ಹೆಚ್ಚು ಸಿಕ್ಕಿಲ್ಲ.

ಮೂಕಿಚಿತ್ರ

ಉದ್ದವೂ ನಿಧಾನವೂ ಒಂದೇ ಅಲ್ಲ ಎಂಬುದನ್ನು ಇಲ್ಲಿಯೇ ಸೇರಿಸುತ್ತೇನೆ. ಫಿನ್‌ಲ್ಯಾಂಡಿನ ನಿರ್ದೇಶಕ ಆಕಿ ಕೌರಿಸ್ಮಾಕಿ ಅವರ ‘ಫಾಲನ್ ಲೀವ್ಸ್’ (2023) ನಿಧಾನದ ಚಿತ್ರವೇ, ಆದರೆ 81 ನಿಮಿಷದಲ್ಲಿ ಮುಗಿಯುತ್ತದೆ. ಆಂಡರ್ಸನ್ 1975ರ ‘ಗಿಲಿಯಾಪ್’ ಸೋತ ಮೇಲೆ 2000ದ ‘ಸಾಂಗ್ಸ್ ಫ್ರಮ್ ದ ಸೆಕೆಂಡ್ ಫ್ಲೋರ್’ವರೆಗೆ ಕಥಾಚಿತ್ರ ಮಾಡಲಿಲ್ಲ, ನಡುವಿನ ವರ್ಷಗಳಲ್ಲಿ ನೂರಾರು ಜಾಹೀರಾತುಗಳನ್ನು ಮಾಡಿದರು. ಕದಲದ ಕ್ಯಾಮೆರಾ, ಒಂದೇ ಶಾಟ್, ಮುಖದಲ್ಲಿ ಭಾವವಿಲ್ಲದ ಮನುಷ್ಯರು ಎಂಬ ಆ ಶೈಲಿ ಪಳಗಿದ್ದು ಒಂದು ನಿಮಿಷವೂ ಇರದ ಆ ಜಾಹೀರಾತುಗಳಲ್ಲಿಯೇ. ಅರ್ಧ ನಿಮಿಷದಲ್ಲಿ ನಿಧಾನವಾಗಿರಲು ಬಲ್ಲವನಿಗೆ ನಿಧಾನದ ಬೆಲೆ ಗೊತ್ತಿರುತ್ತದೆ.

ಹಿಂದಿನಸಾಲು

ಜಾಹೀರಾತಿನ ವಿಷಯ ಹೊಸದಾಗಿ ತಿಳಿಯಿತು, ಧನ್ಯವಾದ.

ಅಡಿಬರಹ

ಚಿತ್ರಗಳಿಗೆ ಅಡಿಬರಹ (ಸಬ್‌ಟೈಟಲ್) ಸಿದ್ಧಪಡಿಸುವ ಕೆಲಸ ನನ್ನದು. ಇಂಥ ಚಿತ್ರಗಳು ಭಾಷೆಯ ಗಡಿಯನ್ನು ಸುಲಭವಾಗಿ ದಾಟುತ್ತವೆ, ಏಕೆಂದರೆ ಮಾತು ಕಡಿಮೆ ಎಂದು ಸಾಮಾನ್ಯವಾಗಿ ಹೇಳುತ್ತಾರೆ. ಅದು ಅರ್ಧ ಸತ್ಯ ಮಾತ್ರ. ಮಾತು ಕಡಿಮೆಯಿದ್ದಷ್ಟೂ ಒಂದೊಂದು ಮಾತು ಯಾವ ಕ್ಷಣದಲ್ಲಿ ಪರದೆಯ ಮೇಲೆ ಕಾಣಿಸಿಕೊಳ್ಳುತ್ತದೆ ಎಂಬುದರ ಮಹತ್ವ ಹೆಚ್ಚುತ್ತದೆ. ನಟ ಒಂದು ವಾಕ್ಯವನ್ನು ಅರ್ಧಕ್ಕೆ ನಿಲ್ಲಿಸಿ, ನಾಲ್ಕು ಸೆಕೆಂಡು ಸುಮ್ಮನಿದ್ದು, ಉಳಿದರ್ಧವನ್ನು ಹೇಳುತ್ತಾನೆ ಎಂದುಕೊಳ್ಳಿ. ಇಡೀ ವಾಕ್ಯವನ್ನು ಒಂದೇ ಸಲ ಪರದೆಗೆ ಹಾಕಿದರೆ ಓದುಗ ಕ್ಷಣಮಾತ್ರದಲ್ಲಿ ಓದಿ ಮುಗಿಸುತ್ತಾನೆ. ನಟನ ಮೌನ ಅವನ ಪಾಲಿಗೆ ಸತ್ತ ಸಮಯವಾಗುತ್ತದೆ. ಎರಡಾಗಿ ಒಡೆದು, ಎರಡನೆಯ ಭಾಗವನ್ನು ನಟನ ಬಾಯಿ ತೆರೆದ ಮೇಲೆಯೇ ತೋರಿಸಿದರೆ ನಗು ಉಳಿಯುತ್ತದೆ. ಅವಸರದಲ್ಲಿ ಮಾಡಿದ ಅಡಿಬರಹಗಳಲ್ಲಿ ಈ ಎಚ್ಚರ ಇರುವುದಿಲ್ಲ. ಪರಭಾಷೆಯ ನಿಧಾನಗತಿಯ ಹಾಸ್ಯವೊಂದು ನೀರಸ ಎನ್ನುವ ಮುನ್ನ, ತಪ್ಪು ಚಿತ್ರದ್ದೋ ಅಡಿಬರಹದ್ದೋ ಎಂದು ಒಮ್ಮೆ ವಿಚಾರಿಸಬೇಕು.

ಕೊನೆಯಆಟ

ಅಡಿಬರಹ ಅವರು ಹೇಳಿದ್ದಕ್ಕೆ ಹೊಂದುವ ಇನ್ನೊಂದು ಮಾತು. 2019ರಲ್ಲಿ ನೆಟ್‌ಫ್ಲಿಕ್ಸ್ ಚಿತ್ರಗಳನ್ನು ಒಂದೂವರೆ ಪಟ್ಟು ವೇಗದಲ್ಲಿ ನೋಡುವ ಸೌಲಭ್ಯವನ್ನು ಮೊಬೈಲಿನಲ್ಲಿ ಪರೀಕ್ಷಿಸಿದಾಗ ಹಲವು ನಿರ್ದೇಶಕರು ಬಹಿರಂಗವಾಗಿ ವಿರೋಧಿಸಿದರು. ಮರುವರ್ಷ ಆ ಸೌಲಭ್ಯ ಬಂದೇ ಬಂತು. ಮಾರಾಮಾರಿಯ ಚಿತ್ರವನ್ನು ವೇಗವಾಗಿ ನೋಡಿದರೂ ಕಥೆ ತಿಳಿಯುತ್ತದೆ. ನಿಧಾನಗತಿಯ ಹಾಸ್ಯವನ್ನು ಹಾಗೆ ನೋಡಿದರೆ ಉಳಿಯುವುದು ಏನೂ ಇಲ್ಲ, ಏಕೆಂದರೆ ಅಲ್ಲಿ ಕಥೆ ಇರುವುದೇ ಎರಡು ಮಾತಿನ ನಡುವಿನ ಸಮಯದಲ್ಲಿ.

ಚಿತ್ರಮಂದಿರದಲ್ಲಿ ಇದಕ್ಕೊಂದು ನೆರವು ಸಿಗುತ್ತದೆ. ಎಲ್ಲೋ ಒಂದು ಮೂಲೆಯಲ್ಲಿ ಒಬ್ಬರು ಕಿಸಕ್ಕೆಂದು ನಗುತ್ತಾರೆ. ಅಷ್ಟರವರೆಗೆ ಇಲ್ಲಿ ನಗಬಹುದೋ ಬಾರದೋ ಎಂದು ಅನುಮಾನಿಸುತ್ತಿದ್ದವರಿಗೆ ಧೈರ್ಯ ಬರುತ್ತದೆ. ಕತ್ತರಿಮೇಜು ಅವರು ಹೇಳಿದ ಅನುಮತಿಯನ್ನು ನಿರ್ದೇಶಕ ಕೊಡದಿದ್ದರೆ ಪಕ್ಕದ ಆಸನದವರು ಕೊಡುತ್ತಾರೆ. ಮನೆಯಲ್ಲಿ ಒಬ್ಬರೇ ಕೂತು, ಕೈಯಲ್ಲಿ ಮೊಬೈಲ್ ಹಿಡಿದು ನೋಡುವವರಿಗೆ ಅದನ್ನು ಕೊಡುವವರು ಯಾರು? ಬೆಳ್ಳಿಪರದೆ ಅವರು ಯಾವ ರೀತಿಯಲ್ಲಿ ತೋರಿಸಿದರು ಎಂಬುದು ಗೊತ್ತಾದರೆ ಒಳ್ಳೆಯದು.

ಬೆಳ್ಳಿಪರದೆ

ಪ್ರೊಜೆಕ್ಟರ್ ಹಾಕಿ, ದೀಪ ಆರಿಸಿ, ಮೊಬೈಲುಗಳನ್ನು ಪಕ್ಕಕ್ಕಿಡಿಸಿಯೇ ತೋರಿಸಿದ್ದು. ಕೆಲವರು ನಕ್ಕರು, ಉಳಿದವರು ಅವರು ನಗುವುದನ್ನು ನೋಡಿ ಇನ್ನಷ್ಟು ಗೊಂದಲಗೊಂಡರು. ಆದ್ದರಿಂದ ಎಲ್ಲ ತಪ್ಪನ್ನೂ ಮೊಬೈಲಿನ ತಲೆಗೆ ಕಟ್ಟಲು ನನ್ನಿಂದಾಗದು.

ರೀಲುಪೆಟ್ಟಿಗೆ

ಈ ಚರ್ಚೆಯಲ್ಲಿ ಸೊಗಸಿನ ಬಗ್ಗೆ ಸಾಕಷ್ಟು ಮಾತು ಬಂದಿದೆ, ಮಿತಿಯ ಬಗ್ಗೆ ಯಾರೂ ಗಟ್ಟಿಯಾಗಿ ಮಾತಾಡಿಲ್ಲ. ನಾನು ಈ ಬಗೆಯ ಚಿತ್ರಗಳನ್ನು ಪ್ರೀತಿಯಿಂದಲೇ ನೋಡುತ್ತ ಬಂದವಳು, ಅದೇ ಕಾರಣಕ್ಕೆ ಸಿಟ್ಟೂ ಇದೆ.

ಮೊದಲನೆಯ ಸಿಟ್ಟು, ಶೈಲಿಯೊಂದು ಚಾಳಿಯಾಗಿಬಿಟ್ಟಿರುವುದು. ಗೋಡೆಗೆ ಸಮಾನಾಂತರವಾಗಿ ಇಟ್ಟ ಕ್ಯಾಮೆರಾ, ನಡುವೆ ನೆಟ್ಟಂತೆ ಕುಳಿತ ಪಾತ್ರ, ಪ್ರಶ್ನೆ ಕೇಳಿದರೆ ಮೂರು ಸೆಕೆಂಡು ಬಿಟ್ಟು ಒಂದಕ್ಷರದ ಉತ್ತರ, ಆಮೇಲೆ ಎಲ್ಲಿಂದಲೋ ಒಂದು ಹಳೆಯ ಹಾಡು. ಇವಿಷ್ಟನ್ನೂ ಹೊಂದಿಸಿದರೆ ಚಿತ್ರೋತ್ಸವದ ಬಾಗಿಲು ತೆರೆಯುತ್ತದೆ ಎಂದು ನಂಬಿ ಮಾಡಿದ ಚಿತ್ರಗಳು ಬೇಕಾದಷ್ಟಿವೆ. ಅಲ್ಲಿ ಪಾತ್ರ ಮೌನವಾಗಿರುವುದು ಅದಕ್ಕೆ ಹೇಳಲಾಗದ ಮಾತೊಂದು ಇರುವುದರಿಂದಲ್ಲ, ಬರೆದವರು ಮಾತು ಬರೆಯದೆ ಬಿಟ್ಟಿದ್ದರಿಂದ. ಪ್ರೇಕ್ಷಕನಿಗೆ ಈ ವ್ಯತ್ಯಾಸ ತಕ್ಷಣ ತಿಳಿಯುತ್ತದೆ. ತಿಳಿದ ಮೇಲೂ ಅವನು ಸುಮ್ಮನೆ ಕೂರಬೇಕು, ಇಲ್ಲವಾದರೆ ಅವನಿಗೆ ತಾಳ್ಮೆಯಿಲ್ಲ ಎನ್ನುತ್ತಾರೆ.

ಎರಡನೆಯದು ಇದಕ್ಕಿಂತ ಗಂಭೀರ. ಕದಲದ ಕ್ಯಾಮೆರಾ ದೂರದಿಂದ ಮನುಷ್ಯರನ್ನು ನೋಡುತ್ತಲೇ ಇದ್ದಾಗ, ಕೆಲವೊಮ್ಮೆ ಅವರನ್ನು ಗಾಜಿನ ಪೆಟ್ಟಿಗೆಯೊಳಗಿನ ಹುಳುಗಳಂತೆ ತೋರಿಸುವ ಅಪಾಯವಿದೆ. ಈ ಚಿತ್ರಗಳ ಪಾತ್ರಗಳು ಬಹುಮಟ್ಟಿಗೆ ಬಡವರು, ಒಂಟಿಗಳು, ಕೆಲಸ ಕಳೆದುಕೊಂಡವರು, ಮಾತು ಬಾರದವರು. ಅವರ ಪೆದ್ದುತನಕ್ಕೆ ನಗುತ್ತಿರುವ ನಾವು ಸಭಾಂಗಣದ ಮೆತ್ತನೆಯ ಕುರ್ಚಿಯಲ್ಲಿ ಕುಳಿತವರು. ಮುಖದಲ್ಲಿ ಭಾವವಿಲ್ಲದಂತೆ ಮಾತಾಡು ಎಂದು ನಟನಿಗೆ ಹೇಳಿದ ಕೂಡಲೇ ಆ ಪಾತ್ರದ ಒಳಗನ್ನು ನೋಡುವ ಕಿಟಕಿಯನ್ನೂ ನಿರ್ದೇಶಕ ಮುಚ್ಚಿರುತ್ತಾನೆ. ಬೇರೆ ಕಿಟಕಿಯನ್ನು ತೆರೆಯುವ ಹೊಣೆ ಅವನ ಮೇಲೆಯೇ ಬೀಳುತ್ತದೆ. ಅದನ್ನು ತೆರೆಯದೆ ಕೇವಲ ವಿಚಿತ್ರ ಮುಖಗಳನ್ನು ಸಾಲಾಗಿ ನಿಲ್ಲಿಸುವ ಚಿತ್ರಗಳನ್ನು ನಾನು ಕ್ಷಮಿಸಲಾರೆ.

ಮಧ್ಯಂತರ

ರೀಲುಪೆಟ್ಟಿಗೆ ಮೇಡಂ, ನಾನು ಹೇಳಲು ಹೆಣಗುತ್ತಿದ್ದುದನ್ನು ನೀವು ಹೇಳಿದಿರಿ.

ನೆರಳುಬೆಳಕು

ಎರಡನೆಯ ಆಕ್ಷೇಪವನ್ನು ನಾನೂ ಗೌರವಿಸುತ್ತೇನೆ. ಆದರೆ ಕೌರಿಸ್ಮಾಕಿ ಅವರನ್ನು ಆ ಪಟ್ಟಿಗೆ ಸೇರಿಸಲು ಬಿಡುವುದಿಲ್ಲ. ‘ಫಾಲನ್ ಲೀವ್ಸ್’ನಲ್ಲಿ ಅನ್ಸಾ ತನ್ನ ಫೋನ್ ನಂಬರನ್ನು ಒಂದು ಚೀಟಿಯಲ್ಲಿ ಬರೆದು ಹೊಲಪ್ಪನಿಗೆ ಕೊಡುತ್ತಾಳೆ, ಅವನು ಜೇಬಿಗೆ ಕೈ ಹಾಕಿದಾಗ ಚೀಟಿ ಗಾಳಿಯಲ್ಲಿ ಹಾರಿಹೋಗುತ್ತದೆ, ಅದು ಅವನ ಅರಿವಿಗೇ ಬರುವುದಿಲ್ಲ. ಆಮೇಲೆ ಅವರಿಬ್ಬರೂ ಒಟ್ಟಿಗೆ ಸಿನಿಮಾ ನೋಡಿದ ಚಿತ್ರಮಂದಿರದ ಮುಂದೆ ನಿಂತು ಅವಳಿಗಾಗಿ ಕಾಯುತ್ತಾನೆ. ಎಷ್ಟು ಹೊತ್ತು ಕಾದ ಎಂದು ಯಾರೂ ಹೇಳುವುದಿಲ್ಲ, ನೆಲದ ಮೇಲೆ ಬಿದ್ದ ಸಿಗರೇಟು ತುಂಡುಗಳು ಹೇಳುತ್ತವೆ. ಇಬ್ಬರ ಮುಖದಲ್ಲಿಯೂ ಭಾವ ಕಾಣದು, ನಿಜ. ನೀವು ಕೇಳಿದ ಬೇರೆ ಕಿಟಕಿ ಎಂದರೆ ಇದೇ ಅಲ್ಲವೇ? ಅಲ್ಲಿ ನಕ್ಕರೆ ಆ ಮನುಷ್ಯನ ಮೇಲಿನ ಗೌರವ ಒಂದಿಷ್ಟೂ ಕಡಿಮೆಯಾಗುವುದಿಲ್ಲ.

ರೀಲುಪೆಟ್ಟಿಗೆ

ಖಂಡಿತ ಅದೇ. ಕೌರಿಸ್ಮಾಕಿ ಅವರ ವಿರುದ್ಧ ನನ್ನ ದೂರಿಲ್ಲ, ಅವರನ್ನು ನಕಲು ಮಾಡುವವರ ವಿರುದ್ಧ ಇದೆ. ಆಂಡರ್ಸನ್ ವಿಷಯದಲ್ಲಿ ಮಾತ್ರ ನನಗೆ ಅಷ್ಟು ಭರವಸೆಯಿಲ್ಲ. 2014ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ಚಿನ್ನದ ಸಿಂಹ ಪ್ರಶಸ್ತಿ ಪಡೆದ ಅವರ ‘ಎ ಪಿಜನ್ ಸ್ಯಾಟ್ ಆನ್ ಎ ಬ್ರ್ಯಾಂಚ್’ ಚಿತ್ರದಲ್ಲಿ ತಮಾಷೆಯ ಆಟಿಕೆಗಳನ್ನು ಮಾರುವ ಇಬ್ಬರು ಮಾರಾಟಗಾರರು ಅತ್ಯಂತ ದುಃಖದ ಮುಖ ಹೊತ್ತು ಅಲೆಯುತ್ತಾರೆ. ಮೊದಲ ಸಲ ನಗುತ್ತೇವೆ. ಅದೇ ಹಾಸ್ಯ ಅದೇ ದೂರದಿಂದ ಮತ್ತೆ ಬಂದಾಗ ನನಗೆ ಆ ಇಬ್ಬರು ಮನುಷ್ಯರಾಗಿ ಉಳಿಯದೆ ಒಂದು ಚಿತ್ರಪಟದ ಭಾಗವಾಗಿಬಿಟ್ಟರು.

ಮೂಕಿಚಿತ್ರ

ಅಲ್ಲಿಯೇ ನಮ್ಮ ದಾರಿ ಬೇರೆಯಾಗುತ್ತದೆ. ಮತ್ತೆ ಮತ್ತೆ ಬರುವುದರಿಂದಲೇ ಅವರ ದುಃಖ ನನ್ನ ಮನಸ್ಸಿಗೆ ಇಳಿಯಿತು.

ಹಿಂದಿನಸಾಲು

ಕನ್ನಡದ ಉದಾಹರಣೆಯೊಂದನ್ನು ಯಾರೂ ಎತ್ತಿಲ್ಲ. ರಾಮ್ ರೆಡ್ಡಿ ನಿರ್ದೇಶನದ ‘ತಿಥಿ’ 2015ರ ಲೊಕಾರ್ನೊ ಚಿತ್ರೋತ್ಸವದಲ್ಲಿ ಪ್ರಶಸ್ತಿ ಪಡೆದದ್ದು ಎಲ್ಲರಿಗೂ ಗೊತ್ತೇ ಇದೆ. ಅದರಲ್ಲಿ ನಟಿಸಿದವರು ವೃತ್ತಿನಟರಲ್ಲ. ಅವರ ಮಾತಿನ ನಡುವಿನ ಬಿಡುವು ಯಾರೋ ಹೇಳಿಕೊಟ್ಟ ಟೈಮಿಂಗ್ ಅಲ್ಲವಾದ್ದರಿಂದ ಆ ನಿಧಾನದಲ್ಲಿ ರೀಲುಪೆಟ್ಟಿಗೆ ಅವರು ಹೇಳಿದ ಚಾಳಿ ಕಾಣುವುದಿಲ್ಲ.

ಕೊನೆಯಆಟ

‘ತಿಥಿ’ಯನ್ನು ನಾನು ಈ ಗುಂಪಿಗೆ ಸೇರಿಸುವುದಿಲ್ಲ. ಗಡ್ಡಪ್ಪ ನಿಧಾನ, ಚಿತ್ರ ನಿಧಾನವಲ್ಲ. ಅಲ್ಲಿ ಜಮೀನಿನ ಕಥೆ ಒಂದು ಸುಳ್ಳಿನಿಂದ ಇನ್ನೊಂದು ಸುಳ್ಳಿಗೆ ಓಡುತ್ತಲೇ ಇರುತ್ತದೆ, ಅದರ ನಡುವೆ ಯಾವುದಕ್ಕೂ ತಲೆ ಕೆಡಿಸಿಕೊಳ್ಳದ ಒಬ್ಬ ಮನುಷ್ಯ ತನ್ನ ಪಾಡಿಗೆ ನಡೆದುಹೋಗುತ್ತಾನೆ. ನಗು ಬರುವುದು ಆ ಎರಡು ವೇಗಗಳ ಘರ್ಷಣೆಯಿಂದ.

ಕತ್ತರಿಮೇಜು

ಕೊನೆಯಆಟ ಅವರ ಈ ಮಾತು ಬಹಳ ಮುಖ್ಯ ಎನಿಸಿತು, ಏಕೆಂದರೆ ಮೊದಲ ಪ್ರಶ್ನೆಗೆ ಇದರಲ್ಲಿ ಉತ್ತರವಿದೆ. ನಿಧಾನ ತನ್ನಷ್ಟಕ್ಕೆ ನಗು ಹುಟ್ಟಿಸುವುದಿಲ್ಲ. ಅದರ ಎದುರಿಗೆ ಅವಸರವುಳ್ಳದ್ದೊಂದು ಇರಬೇಕು. ಆ ಅವಸರ ಇನ್ನೊಂದು ಪಾತ್ರದ್ದಾಗಿರಬಹುದು, ಪ್ರೇಕ್ಷಕನದ್ದಾಗಿರಬಹುದು, ಒಂದು ಪ್ರಶ್ನೆಯದ್ದೂ ಆಗಿರಬಹುದು.

ಕೊರ್ನೆಲ್ಯೂ ಪೊರುಂಬೊಯು ಅವರ ‘12:08 ಈಸ್ಟ್ ಆಫ್ ಬುಕಾರೆಸ್ಟ್’ (2006) ನೋಡದವರು ದಯವಿಟ್ಟು ನೋಡಬೇಕು. 1989ರ ಡಿಸೆಂಬರ್ 22ರಂದು ಮಧ್ಯಾಹ್ನ 12 ಗಂಟೆ 8 ನಿಮಿಷಕ್ಕೆ ರೊಮೇನಿಯಾದ ಸರ್ವಾಧಿಕಾರಿ ಚೌಶೆಸ್ಕು ಹೆಲಿಕಾಪ್ಟರಿನಲ್ಲಿ ಪಲಾಯನ ಮಾಡಿದ. ಅದಾದ ಹದಿನಾರು ವರ್ಷಗಳ ಮೇಲೆ ಒಂದು ಸಣ್ಣ ಊರಿನ ಟಿ.ವಿ. ಕಾರ್ಯಕ್ರಮದಲ್ಲಿ ಮೂವರು ಕುಳಿತು, ತಮ್ಮ ಊರಿನಲ್ಲಿ ಕ್ರಾಂತಿ ನಡೆಯಿತೇ ಎಂದು ಚರ್ಚಿಸುತ್ತಾರೆ. ಜನ ಆ ಗಳಿಗೆಗೆ ಮುನ್ನ ಚೌಕಕ್ಕೆ ಬಂದಿದ್ದರೆ ಕ್ರಾಂತಿ. ಸುದ್ದಿ ತಿಳಿದ ಮೇಲೆ ಬಂದಿದ್ದರೆ ಬರಿಯ ಸಂಭ್ರಮ. ಚಿತ್ರದ ಉತ್ತರಾರ್ಧವೆಲ್ಲ ಬಹುತೇಕ ಆ ಮೇಜಿನ ಮುಂದೆಯೇ ಕಳೆಯುತ್ತದೆ. ತಾನು ಮೊದಲೇ ಚೌಕದಲ್ಲಿದ್ದೆ ಎನ್ನುವ ಮೇಷ್ಟರನ್ನು ಫೋನ್ ಮಾಡಿದವರಲ್ಲಿ ಹಲವರು ಅಲ್ಲಗಳೆಯುತ್ತಾರೆ. ಪಕ್ಕದಲ್ಲಿ ಕುಳಿತ ಮುದುಕರು ಕಾಗದದ ದೋಣಿ ಮಡಚುತ್ತಿರುತ್ತಾರೆ. ಕ್ಯಾಮೆರಾ ಹಿಡಿದ ಹುಡುಗನಿಗೆ ಚೌಕಟ್ಟನ್ನು ಸರಿಯಾಗಿ ಇಡಲು ಬಾರದು. ಏನೂ ನಡೆಯುತ್ತಿಲ್ಲ, ಆದರೂ ಆ ಪ್ರಶ್ನೆ ನಮ್ಮನ್ನು ಬಿಡುವುದಿಲ್ಲ: ಆ ಕೆಲವು ನಿಮಿಷಗಳಲ್ಲಿ ಅವರು ಎಲ್ಲಿದ್ದರು? ಕೊನೆಗೆ ಫೋನ್ ಮಾಡುವ ತಾಯಿಯೊಬ್ಬಳು ಆ ದಿನಗಳಲ್ಲೇ ಸತ್ತ ತನ್ನ ಮಗನನ್ನು ನೆನೆದು, ಹೊರಗೆ ಹಿಮ ಬೀಳುತ್ತಿದೆ ಎನ್ನುತ್ತಾಳೆ. ಅಷ್ಟು ಹೊತ್ತು ನಕ್ಕಿದ್ದಕ್ಕೆಲ್ಲ ಅಲ್ಲಿ ಬೇರೆಯೇ ತೂಕ ಬರುತ್ತದೆ.

ಮಧ್ಯಂತರ

ಈ ಚಿತ್ರವನ್ನು ನಾನು ನೋಡಿದ್ದೇನೆ, ಹೊಟ್ಟೆ ಹುಣ್ಣಾಗುವಂತೆ ನಕ್ಕಿದ್ದೇನೆ. ನನ್ನ ವಾದ ಇದರಿಂದ ಬೀಳುವುದಿಲ್ಲ. ಇದು ನಿಧಾನವಾಗಿದೆ ಎಂದು ನನಗೆ ಅನಿಸಲೇ ಇಲ್ಲ, ಅದಕ್ಕೇ ನಕ್ಕೆ.

ಕತ್ತರಿಮೇಜು

ಅನಿಸದಂತೆ ಮಾಡಿದ್ದೇ ಆ ನಿರ್ದೇಶಕರ ಸಾಮರ್ಥ್ಯ ಎಂದು ನಾನು ಹೇಳುತ್ತೇನೆ, ಹಾಗಾದರೆ ಅದು ನಿಧಾನದ ಚಿತ್ರವೇ ಅಲ್ಲ ಎಂದು ನೀವು ಹೇಳುತ್ತೀರಿ.

ಹಿಂದಿನಸಾಲು

ಒಂದು ಸಣ್ಣ ಸಂದೇಹ. ಭಾವವಿಲ್ಲದ ಮುಖದ ಹಾಸ್ಯವೂ ನಿಧಾನದ ಹಾಸ್ಯವೂ ಒಂದೇ ಬಳ್ಳಿಯ ಕಾಯಿಗಳೇ? ಮೂಕಿ ಚಿತ್ರಗಳ ಕಾಲದ ಹಾಸ್ಯನಟ ಬಸ್ಟರ್ ಕೀಟನ್ ಕೂಡ ನಗದೆಯೇ ನಗಿಸಿದವನಲ್ಲವೇ?

ಮೂಕಿಚಿತ್ರ

ಕೀಟನ್ ಮುಖ ಮಾತ್ರ ನಿಶ್ಚಲ, ದೇಹಕ್ಕೆ ಒಂದು ಕ್ಷಣವೂ ವಿರಾಮವಿಲ್ಲ. ‘ಸ್ಟೀಮ್‌ಬೋಟ್ ಬಿಲ್, ಜೂನಿಯರ್’ (1928) ಚಿತ್ರದಲ್ಲಿ ಬಿರುಗಾಳಿಗೆ ಮನೆಯ ಇಡೀ ಮುಂಭಾಗ ಅವನ ಮೇಲೆ ಬೀಳುತ್ತದೆ. ಅವನು ನಿಂತ ಜಾಗಕ್ಕೆ ಸರಿಯಾಗಿ ಮಾಳಿಗೆಯ ತೆರೆದ ಕಿಟಕಿ ಬಂದು ಬದುಕುತ್ತಾನೆ. ಅದು ನಿಜವಾಗಿ ಬಿದ್ದ ಗೋಡೆ. ಅವನಿಂದ ನಿಧಾನದ ನಿರ್ದೇಶಕರು ಕಲಿತದ್ದು ಇಷ್ಟು: ನಡುವೆ ಕತ್ತರಿಸದೆ, ಕಾಲಿನಿಂದ ತಲೆಯವರೆಗೆ ಇಡೀ ಮನುಷ್ಯನನ್ನೂ ಅವನ ಸುತ್ತಲಿನ ಜಾಗವನ್ನೂ ತೋರಿಸಿದರೆ ಪ್ರೇಕ್ಷಕ ನಂಬುತ್ತಾನೆ. ವೇಗವನ್ನು ಅವರು ಕೈಬಿಟ್ಟರು, ಚೌಕಟ್ಟನ್ನು ಉಳಿಸಿಕೊಂಡರು.

ಬೆಳ್ಳಿಪರದೆ

ಎಲ್ಲರಿಗೂ ಮನಃಪೂರ್ವಕ ಧನ್ಯವಾದ. ಕತ್ತರಿಮೇಜು ಅವರ ಅವಸರದ ಮಾತು ಮತ್ತು ರೀಲುಪೆಟ್ಟಿಗೆ ಅವರ ಎರಡನೆಯ ಆಕ್ಷೇಪ ನನ್ನನ್ನು ಬಹಳ ಯೋಚಿಸುವಂತೆ ಮಾಡಿವೆ. ಹೊಸಬರಿಗೆ ಈ ಬಗೆಯ ಚಿತ್ರಗಳನ್ನು ತೋರಿಸಬೇಕಾದರೆ ಯಾವುದರಿಂದ ಶುರು ಮಾಡುವುದು ಒಳ್ಳೆಯದು? ಪೊರುಂಬೊಯು ಚಿತ್ರವನ್ನು ಮೊದಲಿಗಿಟ್ಟು, ಜಾರ್ಮುಶ್ ಚಿತ್ರವನ್ನು ಆಮೇಲೆ ತೋರಿಸೋಣ ಎಂದುಕೊಂಡಿದ್ದೇನೆ.

ಅಡಿಬರಹ

ಪೊರುಂಬೊಯು ಚಿತ್ರದಲ್ಲಿ ಮಾತು ಹೆಚ್ಚು, ಅಡಿಬರಹದ ಮೇಲೆಯೇ ಕಣ್ಣು ನೆಟ್ಟಿರಬೇಕಾಗುತ್ತದೆ. ‘ಫಾಲನ್ ಲೀವ್ಸ್’ನಿಂದ ಶುರು ಮಾಡಿ, ಚಿಕ್ಕದೂ ಹೌದು. ತೋರಿಸುವ ಮುನ್ನ ನಿಮ್ಮಲ್ಲಿರುವ ಪ್ರತಿಯ ಅಡಿಬರಹ ಮಾತಿಗಿಂತ ಮುಂದೆ ಓಡುತ್ತಿಲ್ಲವೇ ಎಂದು ಪರೀಕ್ಷಿಸಿಕೊಳ್ಳಿ.

ರೀಲುಪೆಟ್ಟಿಗೆ

‘ಟೋನಿ ಎರ್ಡ್‌ಮನ್’ ಕೂಡ ಪಟ್ಟಿಯಲ್ಲಿರಲಿ, ಉದ್ದವೆಂದು ಹೆದರಬೇಡಿ. ಚಿತ್ರ ಶುರುವಾಗುವ ಮುನ್ನ ಇದು ಹಾಸ್ಯಚಿತ್ರವೆಂದು ಮಾತ್ರ ಹೇಳಬೇಡಿ. ಹಾಗೆಂದು ಹೇಳಿದ ಕೂಡಲೇ ಜನ ನಗುವನ್ನು ಎಣಿಸಲು ಕೂರುತ್ತಾರೆ.

ಮಧ್ಯಂತರ

ಅದನ್ನು ಹೇಳದಿದ್ದರೆ ನಾನು ಬರುವುದಿಲ್ಲ. ಹೇಳಿಯೇ ತೋರಿಸಿ, ನನಗೂ ಒಂದು ಆಸನ ಇಡಿ. ನಗದಿದ್ದರೆ ಏಕೆ ನಗಲಿಲ್ಲ ಎಂಬುದನ್ನು ಇಲ್ಲಿಯೇ ಬರೆಯುತ್ತೇನೆ.